ಜೋನಿ ಬೆಲ್ಲದ ಮೇಲೆ ಹಿಮಾಲಯ

ವಿನೋಬನಗರದ ನಮ್ಮ ಅಡುಗೆಮನೆಯಲ್ಲಿ ಹಿಮಾಲಯವನ್ನು ಎಬ್ಬಿಸುವುದು, ಅದನ್ನು ಬಸ್ಸಿನಲ್ಲಿ ಭದ್ರಾವತಿಗೆ ಒಯ್ಯುವುದು, ಅಲ್ಲಿ ನಲವತ್ತು ಹುಡುಗಿಯರ ಕಣ್ಣೆದುರು ಗಂಗಾ ಬಯಲನ್ನು ಸೃಷ್ಟಿಸುವುದು, ಮಧ್ಯಾಹ್ನದ ಊಟಕ್ಕೆ ಮನೆಗೆ ವಾಪಸ್ ಬರುವುದು. ಇದು ನನ್ನ ಪ್ಲಾನ್. ಇದರಲ್ಲಿ ತಪ್ಪಾಗುವಂಥದ್ದು ಏನಿದೆ, ನೀವೇ ಹೇಳಿ!

ಎಪ್ಪತ್ತೆರಡು ವರ್ಷದ ಹೆಂಗಸಿಗೆ ಈ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ನಮ್ಮ ಯಜಮಾನರು ಆಗಲೇ ಕೇಳಿದ್ದಾರೆ. ಭದ್ರಾವತಿಯ ಒಂದು ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಜಿಯಾಗ್ರಫಿ ಕಲಿಸಿದವಳು ನಾನು. ಓದಿದ್ದೂ ಕಾನ್ವೆಂಟಿನಲ್ಲೇ. ಆಟದ ಬಯಲಲ್ಲಿ ಬಾಯಿ ತಪ್ಪಿ ಕನ್ನಡ ಬಂದರೆ ಸಿಸ್ಟರ್ ಕೊರಳಿಗೆ ಬೋರ್ಡು ನೇತುಹಾಕುತ್ತಿದ್ದ ಕಾಲ ಅದು. ಹಾಗಾಗಿ ಸಿಟ್ಟು, ಪ್ರಾರ್ಥನೆ, ಭೂಗೋಳ, ಈ ಮೂರೂ ನನಗೆ ಈಗಲೂ ಇಂಗ್ಲಿಷಿನಲ್ಲೇ ಬರುತ್ತವೆ. ರಿಟೈರ್ ಆಗಿ ಹದಿನಾಲ್ಕು ವರ್ಷವಾಯಿತು. ಆದರೂ ಬೆಳಿಗ್ಗೆ ಒಂಬತ್ತೂವರೆಯಾದರೆ ನನ್ನ ಬಲಗೈ ತಾನಾಗಿ ಚಾಕ್‌ಪೀಸ್ ಹುಡುಕುತ್ತದೆ. ಸಿಗುವುದು ಸೌಟು.

ನನ್ನ ಹಳೇ ಸ್ಟೂಡೆಂಟ್ ನಳಿನಿ ಈಗ ಅದೇ ಶಾಲೆಯ ಹೆಡ್‌ಮಿಸ್ಟ್ರೆಸ್. ಮೊನ್ನೆ ಚಳಿಗಾಲದ ಶುರುವಿನಲ್ಲಿ ಅವಳಿಗೆ ಫೋನ್ ಮಾಡಿ, "ಪ್ರತಿ ಶನಿವಾರ ಒಂದೇ ಒಂದು ಗಂಟೆ ಎಂಟನೇ ಕ್ಲಾಸಿಗೆ ನಾನು ಪಾಠ ಮಾಡ್ತೀನಿ ಕಣೆ, ಸಂಬಳ ಗಿಂಬಳ ಏನೂ ಬೇಡ" ಎಂದೆ. ಈ ಮಾತು ಆಡಲು ನಾನು ಎರಡು ವಾರ ಧೈರ್ಯ ಕೂಡಿಸಿಕೊಂಡಿದ್ದೆ. ಬೇಡ ಎಂದುಬಿಟ್ಟರೆ ಇನ್ನು ಯಾವ ಕ್ಲಾಸ್‌ರೂಮಿನ ಹೊಸ್ತಿಲನ್ನೂ ನಾನು ಈ ಜನ್ಮದಲ್ಲಿ ದಾಟುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ನಳಿನಿ, ನಾನು ಫೇಲಾದ ಮಕ್ಕಳ ಅಪ್ಪ ಅಮ್ಮಂದಿರ ಹತ್ತಿರ ಬಳಸುತ್ತಿದ್ದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದಳು: "ಮಿಸ್, ಈಗಿನ ಹುಡುಗೀರು ಸುಮ್ನೆ ಕೂತು ಕೇಳೋರಲ್ಲ. ಒಂದು ಡೆಮಾನ್‌ಸ್ಟ್ರೇಷನ್ ಕ್ಲಾಸ್ ತಗೊಳ್ಳಿ. ಏನಾದ್ರೂ ಮಾಡಿ ತೋರಿಸ್ಬೇಕು. ನಾನೂ ಹಿಂದೆ ಕೂತಿರ್ತೀನಿ. ನೋಡ್ಕೊಂಡು ಹೇಳ್ತೀನಿ."

ನನ್ನ ಸ್ಟೂಡೆಂಟ್ ನನಗೇ ಟೆಸ್ಟ್ ಇಟ್ಟಳು!

ಯಾವ ಪಾಠ ಎಂದು ಯೋಚಿಸುವ ಅಗತ್ಯವೇ ಇರಲಿಲ್ಲ. ಈ ನಳಿನಿ ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ನಾನು ಬೋರ್ಡಿನ ಮೇಲೆ ಹಿಮಾಲಯ ಬರೆದು, "ನದಿಗಳು ಬೆಟ್ಟದಿಂದ ಮಣ್ಣು ಮರಳು ತಂದು ಕೆಳಗಿದ್ದ ತಗ್ಗನ್ನು ತುಂಬಿದವು, ಗಂಗಾ ಬಯಲಾಯಿತು, ನೆಕ್ಸ್ಟ್" ಎಂದಿದ್ದೆ. ಇವಳು ಎದ್ದು ನಿಂತು, "ಮಿಸ್, ಸರಿಯಾಗಿ ಬೆಟ್ಟದ ಬುಡದಲ್ಲೇ ಅಷ್ಟು ದೊಡ್ಡ ತಗ್ಗು ಯಾಕಿತ್ತು? ಯಾರು ತೋಡಿದ್ದು?" ಎಂದಳು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವುದು ನಮ್ಮ ಟ್ರೈನಿಂಗಿನಲ್ಲೂ ಇರಲಿಲ್ಲ. "ಡೋಂಟ್ ಬಿ ಓವರ್‌ಸ್ಮಾರ್ಟ್. ಸಿಟ್ ಡೌನ್!" ಎಂದೆ. ಅಷ್ಟರಲ್ಲಿ ಕಾರ್ಖಾನೆಯ ಸೈರನ್ ಕೂಗಿ ನನ್ನ ಮಾನ ಉಳಿಸಿತು.

ಉತ್ತರ ಸಿಕ್ಕಿದ್ದು ಹೋದ ವರ್ಷ, ಫೋನಿನಲ್ಲಿ ನೋಡಿದ ಒಂದು ಲೆಕ್ಚರಿನಲ್ಲಿ. ತಗ್ಗನ್ನು ತೋಡಿದ್ದು ಬೆಟ್ಟವೇ! ಭೂಮಿಯ ಚಿಪ್ಪು ಕಲ್ಲಿನ ಚಪ್ಪಡಿಯಂತೆ ಸೆಟೆದು ಕೂತಿಲ್ಲ. ಅದರ ಕೆಳಗೆ ಮ್ಯಾಂಟಲ್ ಎಂಬ ಬಿಸಿ ಪದರವಿದೆ. ಅದು ಗಟ್ಟಿಯೇ, ಆದರೆ ಲಕ್ಷಾಂತರ ವರ್ಷ ಕಾದರೆ ನಿಧಾನಕ್ಕೆ ಹರಿಯುವಂಥ ಗಟ್ಟಿ. ಬೆಟ್ಟ ಬೆಳೆದ ಹಾಗೆಲ್ಲ ಅದರ ಭಾರಕ್ಕೆ ಚಿಪ್ಪು ಬಗ್ಗುತ್ತದೆ. ದಪ್ಪಗಿರುವವರು ಹಾಸಿಗೆಯ ಅಂಚಿಗೆ ಕೂತರೆ ಪಕ್ಕದಲ್ಲಿ ಮಲಗಿದವರು ಅವರತ್ತ ಉರುಳುವುದಿಲ್ಲವೇ, ಹಾಗೆ. ಬುಡದಲ್ಲಿ ತಗ್ಗು ಬೀಳುತ್ತದೆ. ಬೆಟ್ಟದಿಂದ ಸವೆದು ಬಂದ ಮಣ್ಣು ಆ ತಗ್ಗಿಗೇ ಬೀಳುತ್ತದೆ. ಆ ಮಣ್ಣಿನ ಭಾರಕ್ಕೆ ನೆಲ ಇನ್ನಷ್ಟು ತಗ್ಗುತ್ತದೆ, ಇನ್ನಷ್ಟು ಮಣ್ಣು ಹಿಡಿಯುತ್ತದೆ. ಪದರದ ಮೇಲೆ ಪದರ. ತಾನು ಬೆಳೆದು ಪಕ್ಕದ ನೆಲವನ್ನು ತಗ್ಗಿಸಿದ ಬೆಟ್ಟ, ಆಮೇಲೆ ತನ್ನ ಮೈಯನ್ನೇ ಸವೆಸಿ ಆ ತಗ್ಗನ್ನು ತುಂಬಿಸುತ್ತದೆ ಎಂದು ಕೇಳಿ ನನಗೆ ಯಾಕೋ ಕಣ್ಣು ತುಂಬಿ ಬಂತು.

"ಡ್ರಾಪ್ಸ್ ಹಾಕ್ಕೊಂಡ್ಯಾ?" ಎಂದರು ನಮ್ಮವರು.

ವಿಜ್ಞಾನಿಗಳು ಇದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡುತ್ತಾರಂತೆ. ಎಷ್ಟು ಭಾರ ಹಾಕಿದರೆ ಚಿಪ್ಪು ಎಷ್ಟು ಬಗ್ಗುತ್ತದೆ, ತಗ್ಗು ಎಷ್ಟು ಕಾಲಕ್ಕೆ ತುಂಬುತ್ತದೆ ಎಂದು. ನನ್ನ ಹತ್ತಿರ ಅಂಥ ಕಂಪ್ಯೂಟರ್ ಇಲ್ಲ. ಆದರೆ ಜೋನಿ ಬೆಲ್ಲ ಇತ್ತು. ಅಚ್ಚಿಗೆ ಹಾಕದ, ಜೇನಿನ ಹಾಗೆ ಹರಿಯುವ ಬೆಲ್ಲ. ತೀರ್ಥಹಳ್ಳಿಯಿಂದ ನನ್ನ ನಾದಿನಿ ಎರಡು ದೊಡ್ಡ ಡಬ್ಬ ಕಳಿಸಿದ್ದಳು. ಚಳಿಗಾಲದ ಬೆಳಿಗ್ಗೆ ಆ ಡಬ್ಬವನ್ನು ಬಗ್ಗಿಸಿದರೆ ಬೆಲ್ಲ ಹೊರಗೆ ಬರುವುದು ಸರ್ಕಾರಿ ಫೈಲಿನ ವೇಗದಲ್ಲಿ. ಇದಕ್ಕಿಂತ ಒಳ್ಳೆಯ ಮ್ಯಾಂಟಲ್ ಯಾವ ಲ್ಯಾಬಿನಲ್ಲಿ ಸಿಗುತ್ತದೆ?

ಸ್ವೆಟರ್ ಇಡುವ ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆ ಖಾಲಿ ಮಾಡಿ ಅದಕ್ಕೆ ಒಂದು ಡಬ್ಬ ಬೆಲ್ಲ ಸುರಿದೆ. ಇನ್ನೊಂದನ್ನು ಮ್ಯಾಂಟಲ್ ಸಾಲದೆ ಬಂದರೆ ಇರಲಿ ಎಂದು ಎತ್ತಿಟ್ಟೆ. ಇನ್ನು ಚಿಪ್ಪು. ಅದು ತೇಲಬೇಕು, ಬಗ್ಗಬೇಕು, ಹರಿಯಬಾರದು. ಮನೆಯೆಲ್ಲ ಹುಡುಕಿದೆ. ಮರುದಿನ ಬೆಳಿಗ್ಗೆ ಹಾಲ್‌ನಿಂದ ದನಿ ಬಂತು.

"ವಿಮಲಾ, ನನ್ನ ಯೋಗಾ ಮ್ಯಾಟ್ ಎಲ್ಲಿ?"

"ಇಂಡಿಯನ್ ಪ್ಲೇಟ್ ಆಗಿದೆ ರೀ."

"ಇಲ್ಲಿ ಅರ್ಧ ಇದೆಯಲ್ಲ ಮಾರಾಯ್ತಿ!"

"ಅದರ ಮೇಲೆ ಪ್ರಾಣಾಯಾಮ ಮಾಡಿ. ಉಸಿರಾಡೋಕೆ ಎಷ್ಟು ಜಾಗ ಬೇಕು?"

ನಮ್ಮವರು ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದವರು. ಯಾವುದನ್ನು ಕಂಡರೂ ಮೊದಲು ಅದು ಹೇಗೆ ಹಾಳಾಗಬಹುದು ಎಂದು ನೋಡುವ ಅಭ್ಯಾಸ. ಟ್ರಯಲ್ ನೋಡಲು ಸ್ಟೂಲ್ ಹಾಕಿಕೊಂಡು ಕೂತರು. ಬೆಳಿಗ್ಗೆ ಏಳು ಗಂಟೆ, ಅಡುಗೆಮನೆ ಥಣ್ಣಗಿತ್ತು. ಬೆಲ್ಲದ ಮೇಲೆ ಮ್ಯಾಟ್ ತೇಲಿಬಿಟ್ಟು, ಅದರ ಒಂದು ತುದಿಯಲ್ಲಿ ಅಂಗಳದಿಂದ ಆರಿಸಿ ತಂದ ಕಲ್ಲುಗಳನ್ನು ಒಂದೊಂದಾಗಿ ಪೇರಿಸಿದೆ. ಒಟ್ಟು ಹನ್ನೆರಡು. ತುದಿಗೆ ಅಕ್ಕಿಹಿಟ್ಟಿನ ಹಿಮ. ಮಹಾರಾಣಿ ಸಿಂಹಾಸನದಲ್ಲಿ ಕೂರುವ ಗತ್ತಿನಲ್ಲಿ ಮ್ಯಾಟ್ ಮೆಲ್ಲಗೆ ಬಗ್ಗಿತು. ಬೆಟ್ಟದ ಬುಡದಲ್ಲಿ ನೋಡನೋಡುತ್ತ ಒಂದು ತಗ್ಗು! ಚಮಚದಲ್ಲಿ ರವೆ ಹಾಕಿದೆ, ಅದು ಮರಳು. ಮೇಲೆ ರಾಗಿಹಿಟ್ಟು, ಅದು ಜೇಡಿ. ಮತ್ತೆ ರವೆ. ಪದರ ಪದರವಾಗಿ ಗಂಗಾ ಬಯಲು ನನ್ನ ಅಡುಗೆಕಟ್ಟೆಯ ಮೇಲೆ ಹುಟ್ಟಿತು. ಸೃಷ್ಟಿಕರ್ತನಿಗೂ ಹೀಗೇ ಅನಿಸಿರಬೇಕು.

"ಇನ್ನೂ ಇಳೀತಾ ಇದೆ ಅನ್ಸುತ್ತೆ. ಸ್ವಲ್ಪ ಕಾದು ನೋಡು" ಎಂದರು ನಮ್ಮವರು.

"ನಿಮಗೆ ಎಲ್ಲದ್ರಲ್ಲೂ ರಿಸ್ಕೇ ಕಾಣುತ್ತೆ" ಎಂದು ಹತ್ತು ನಿಮಿಷಕ್ಕೇ ಕಲ್ಲು ತೆಗೆದುಬಿಟ್ಟೆ. ತಿಂಡಿಗೆ ಕಟ್ಟೆ ಬೇಕಾಗಿತ್ತು.

ಸಂಜೆಯ ಹೊತ್ತಿಗೆ ಮ್ಯಾಟಿನ ಮೇಲೆ ಉಳಿದ ರವೆಗೆ ಇರುವೆ ಮುತ್ತಿತ್ತು. ನಮ್ಮವರು ಕನ್ನಡಕ ಏರಿಸಿ ನೋಡಿ, "ನಿನ್ನ ಮಾಡೆಲ್ ಕರೆಕ್ಟಾಗೇ ಇದೆ. ಗಂಗಾ ಬಯಲಲ್ಲಿ ಜನಸಂಖ್ಯೆ ಜಾಸ್ತಿ" ಎಂದರು.

ಆ ದಿನ ಬಂತು. ಪೆಟ್ಟಿಗೆಗೆ ಮುಚ್ಚಳ ಹಾಕಿ ಸುತ್ತಲೂ ಟೇಪ್ ಸುತ್ತಿದೆ. ಮ್ಯಾಟ್, ಕಲ್ಲು, ಹಿಟ್ಟುಗಳು ಬೇರೆ ಚೀಲದಲ್ಲಿ. ಇನ್ನೊಂದು ಡಬ್ಬ ಬೆಲ್ಲ ನಮ್ಮವರ ತೊಡೆಯ ಮೇಲೆ. ಆಟೋದಲ್ಲಿ ಬಸ್‌ಸ್ಟ್ಯಾಂಡಿಗೆ ಹೋಗಿ ಭದ್ರಾವತಿಯ ಪ್ರೈವೇಟ್ ಬಸ್ ಹತ್ತಿದೆವು. ಕಂಡಕ್ಟರ್ ನನ್ನ ಕಾಲ ಬಳಿ ಇದ್ದ ಪೆಟ್ಟಿಗೆ ನೋಡಿದ.

"ಅಜ್ಜಿ, ಇಲ್ಲಿಟ್ರೆ ಯಾರಾದ್ರೂ ತುಳೀತಾರೆ. ಕೊಡಿ, ಡ್ರೈವರ್ ಪಕ್ಕ ಬಾನೆಟ್ ಮೇಲಿಡ್ತೀನಿ. ಅಲ್ಲಿ ಯಾರೂ ಮುಟ್ಟಲ್ಲ."

ಎಂಥ ಸಂಸ್ಕಾರವಂತ ಎಂದುಕೊಂಡು "ಥ್ಯಾಂಕ್ ಯೂ, ಮೈ ಚೈಲ್ಡ್" ಎಂದೆ. ಬಾನೆಟ್ ಎಂದರೆ ಎಂಜಿನ್ನಿನ ಮುಚ್ಚಳ. ಅದರ ಕೆಳಗೆ ಎಂಜಿನ್ ಇರುತ್ತದೆ. ಎಂಜಿನ್ ಬಿಸಿಯಾಗುತ್ತದೆ. ಈ ಮೂರು ವಿಷಯಗಳೂ ನನಗೆ ಬಿಡಿಬಿಡಿಯಾಗಿ ಗೊತ್ತಿದ್ದವು.

ದಾರಿಯಲ್ಲಿ ರಸ್ತೆ ಕೆಲಸ. ಬಸ್ಸು ನಿಂತು ನಿಂತು ಹೋಯಿತು. ಸ್ವಲ್ಪ ಹೊತ್ತಿಗೆ ಬಸ್ಸಿನ ತುಂಬ ಘಮ್ಮೆಂದು ಪರಿಮಳ. ಮುಂದಿನ ಸೀಟಿನ ಹೆಂಗಸು ತಿರುಗಿ, "ಹೋಳಿಗೆ ಹೂರಣದ ವಾಸ್ನೆ ಬರ್ತಿದೆ ಅಲ್ವಾ ಅಮ್ಮಾ?" ಎಂದರು.

"ಅದು ಭೂಮಿಯ ಒಳಭಾಗ" ಎಂದೆ ಹೆಮ್ಮೆಯಿಂದ.

ಆಕೆ ಎದ್ದು ಹಿಂದಿನ ಸೀಟಿಗೆ ಹೋದರು.

ಶಾಲೆಯ ಗೇಟಿನಲ್ಲಿ ನನ್ನ ಕಾಲದ ಆಯಾ ಸೆಲ್ವಿ ಓಡಿ ಬಂದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಮಾತು ಮಾತ್ರ ಅದೇ, ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಜೋರು. "ವಾಂಗ ವಾಂಗ ಮಿಸ್ಸಮ್ಮಾ! ಏನು ಹಿಂಗೆ ಇಳ್ದುಹೋಗ್ಬಿಟ್ರಿ? ಸಾರ್ ಊಟ ಹಾಕಲ್ವಾ?" ಎಂದು ನಮ್ಮವರನ್ನು ಗದರುವಂತೆ ನೋಡಿ, ಪೆಟ್ಟಿಗೆ ಎತ್ತಿಕೊಂಡಳು. ಮರುಕ್ಷಣ, "ಅಯ್ಯೋ, ಸುಡ್ತಾ ಇದೆ ಮಿಸ್ಸಮ್ಮಾ!"

"ಸುಡಬೇಕು ಸೆಲ್ವಿ. ಭೂಮಿಯ ಒಳಗೆ ಬಿಸಿಯೇ ಇರೋದು."

ದೇವರು ನನಗೆ ಕೊನೆಯ ಅವಕಾಶ ಕೊಟ್ಟಿದ್ದ. ನಾನು ದೇವರಿಗೇ ಪಾಠ ಮಾಡಿ ಕಳಿಸಿದೆ.

ಕ್ಲಾಸ್‌ರೂಮಿನೊಳಗೆ ಕಾಲಿಟ್ಟಾಗ ಅದೇ ಹಳೇ ವಾಸನೆ: ಚಾಕ್ ಪುಡಿ, ಎಣ್ಣೆ ಹಚ್ಚಿದ ಜಡೆ, ಯಾರದೋ ಟಿಫಿನ್ನಿನ ಚಿತ್ರಾನ್ನ. "ಗುಡ್ ಮಾ...ರ್ನಿಂಗ್ ಮಿಸ್" ಎಂಬ ರಾಗವೂ ಅದೇ. ಹಿಂದಿನ ಬೆಂಚಿನಲ್ಲಿ ನಳಿನಿ ನೋಟ್‌ಬುಕ್ ತೆರೆದು ಕೂತಿದ್ದಳು. ಪೆನ್ನಿನ ಕ್ಯಾಪ್ ತೆಗೆದದ್ದು ನನಗೆ ಅಲ್ಲಿಂದಲೇ ಕೇಳಿಸಿತು. ಅವಳು ಆ ನೋಟ್‌ಬುಕ್ಕಿನಲ್ಲಿ ಏನು ಬರೆಯುತ್ತಾಳೋ ಅದೇ ನನ್ನ ಶನಿವಾರಗಳ ಹಣೆಬರಹ.

"ಗರ್ಲ್ಸ್," ಎಂದು ಶುರು ಮಾಡಿದೆ, "ಭೂಮಿ ಬಹಳ ನಿಧಾನ. ನಿಮ್ಮ ಹಾಗೆ ಅವಸರ ಅದಕ್ಕಿಲ್ಲ. ನಾನು ಬೆಟ್ಟ ಕಟ್ಟುತ್ತೇನೆ. ಈ ಮ್ಯಾಟ್ ವೆರಿ, ವೆರಿ ಸ್ಲೋಲಿ ಬಗ್ಗುತ್ತದೆ. ಪೇಷೆನ್ಸ್ ಬೇಕು."

ಮೊದಲ ಕಲ್ಲು ಇಟ್ಟೆ. ಮ್ಯಾಟ್ ತಕ್ಷಣ ಬಗ್ಗಿತು. ಎರಡನೆಯದು, ಇನ್ನಷ್ಟು. ನಾಲ್ಕನೆಯದಕ್ಕೆ ಎಂಥ ಸುಂದರ ತಗ್ಗು! ಹುಡುಗಿಯರು "ವಾವ್ ಮಿಸ್!" ಎಂದರು. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆದರೆ ಹದಿನಾಲ್ಕು ವರ್ಷದಿಂದ ಯಾರೂ ನನಗೆ "ವಾವ್ ಮಿಸ್" ಎಂದಿರಲಿಲ್ಲ. ಏಳನೆಯ ಕಲ್ಲಿಗೆ ಬೆಲ್ಲ ಮ್ಯಾಟಿನ ಅಂಚು ನೆಕ್ಕತೊಡಗಿತು. ಒಂಬತ್ತನೆಯದಕ್ಕೆ ಅಂಚು ದಾಟಿ ಬಯಲಿನತ್ತ ಹರಿಯಿತು.

"ಸಾಕು ವಿಮಲಾ" ಎಂದು ಪಕ್ಕದಿಂದ ನಮ್ಮವರು ಪಿಸುಗುಟ್ಟಿದರು.

ಸಾಕೇ? ನನ್ನ ಲೆಸನ್ ಪ್ಲಾನಿನಲ್ಲಿ ಹನ್ನೆರಡು ಎಂದಿತ್ತು! ಲೆಸನ್ ಪ್ಲಾನ್ ಮುರಿಯುವವಳಲ್ಲ ನಾನು. ಹತ್ತು. ಹನ್ನೊಂದು. ಹನ್ನೆರಡನೆಯ ಕಲ್ಲು ಇಟ್ಟು ಕೈ ತೆಗೆದೆ ಅಷ್ಟೇ. ಮ್ಯಾಟ್ ಆ ತುದಿಯಲ್ಲಿ ತಲೆ ಮುಳುಗಿಸಿತು, ಈ ತುದಿಯಲ್ಲಿ ಕಾಲೆತ್ತಿತು. ಕಲ್ಲುಗಳು ಡುಬು ಡುಬು ಡುಬು ಎಂದು ಸಾಲಾಗಿ ಬೆಲ್ಲಕ್ಕೆ ಬಿದ್ದವು. ಭಾರ ಕಳೆದುಕೊಂಡ ಮ್ಯಾಟ್ ಛಂಗನೆ ಮೇಲೆ ಚಿಮ್ಮಿತು. ಅದರೊಂದಿಗೆ ಬೆಲ್ಲ ಹಾರಿತು.

ಕೋಟ್ಯಂತರ ವರ್ಷದ ಹಿಮಾಲಯ ನಾಲ್ಕು ಸೆಕೆಂಡಿನಲ್ಲಿ ಮುಗಿಯಿತು. ಮೊದಲ ಬೆಂಚಿನ ಐದು ಹುಡುಗಿಯರು, ಅಟೆಂಡೆನ್ಸ್ ರಿಜಿಸ್ಟರು, ನನ್ನ ಬೂದು ಬಣ್ಣದ ಮೈಸೂರು ಸಿಲ್ಕು, ಎಲ್ಲಕ್ಕೂ ಬೆಲ್ಲದ ಅಭಿಷೇಕ. ಮೊದಲು ಕೇಳಿದ್ದು ನಮ್ಮವರ ದನಿ: "ವಿಮಲಾ, ನನಗೇನೂ ಕಾಣಿಸ್ತಿಲ್ಲ. ಕನ್ನಡಕದ ಮೇಲೆ ಮ್ಯಾಂಟಲ್ ಇದೆ."

ಆಮೇಲೆ ಆ ನಗು! ಮೂವತ್ತು ವರ್ಷ ನನ್ನ ಕ್ಲಾಸಿನಲ್ಲಿ ಕೇಳದಿದ್ದ ನಗುವೆಲ್ಲ ಬಡ್ಡಿ ಸಮೇತ ಬಂತು. ನಾನು ಡಸ್ಟರಿನಿಂದ ಮೇಜು ಕುಟ್ಟಿದೆ. ಡಸ್ಟರ್ ಮೇಜಿಗೆ ಅಂಟಿಕೊಂಡಿತು.

"ಸೈಲೆನ್ಸ್! ಬಸ್ಸಿನ ಎಂಜಿನ್ನಿನ ಶಾಖಕ್ಕೆ ಬೆಲ್ಲ ನೀರಾಗಿಬಿಟ್ಟಿದೆ. ಅದಕ್ಕೇ ಮಾಡೆಲ್ ಕೆಟ್ಟಿತು. ಮನೆಯಲ್ಲಿ ಇದೇ ಹನ್ನೆರಡು ಕಲ್ಲಿಗೆ ಪರ್ಫೆಕ್ಟ್ ಆಗಿತ್ತು. ಮೈ ಹಸ್ಬೆಂಡ್ ಈಸ್ ದ ವಿಟ್ನೆಸ್."

ಸಾಕ್ಷಿ ಕನ್ನಡಕ ಒರೆಸಿಕೊಳ್ಳುತ್ತ, "ಹತ್ತು ನಿಮಿಷ ಸರಿಯಾಗಿತ್ತು" ಎಂದು ನುಡಿಯಿತು.

ಎರಡನೇ ಬೆಂಚಿನಿಂದ ಒಬ್ಬಳು ಎದ್ದಳು. ರಂಜಿತಾ ಅಂತೆ ಹೆಸರು. ಮೂಗಿನ ತುದಿಯಲ್ಲಿ ಒಂದು ಹನಿ ಬೆಲ್ಲ. "ಮಿಸ್, ಹತ್ತು ನಿಮಿಷ ಆದ್ಮೇಲೆ?"

"ಆಮೇಲೆ ಕಲ್ಲು ತೆಗೆದೆ. ತಿಂಡಿಗೆ ಹೊತ್ತಾಗಿತ್ತು."

"ಹಾಗಾದ್ರೆ ಮನೇಲೂ ಮುಳುಗ್ತಿತ್ತು ಮಿಸ್. ಬೆಲ್ಲ ಮಂದ ಇತ್ತಲ್ಲ, ಅದಕ್ಕೆ ಲೇಟಾಗ್ತಿತ್ತು. ಇಲ್ಲಿ ತೆಳ್ಳಗಿತ್ತು, ಬೇಗ ಆಯ್ತು, ಅಷ್ಟೇ. ಕಲ್ಲೇ ಜಾಸ್ತಿ ಆಗಿದ್ದು. ಬೆಲ್ಲದ್ದೇನೂ ತಪ್ಪಿಲ್ಲ."

"ಡೋಂಟ್ ಬಿ..." ಎಂದು ನನ್ನ ನಾಲಿಗೆ ಆಗಲೇ ಹೊರಟಿತ್ತು. ಹಿಂದಿನ ಬೆಂಚಿನಲ್ಲಿ ನಳಿನಿಯ ಪೆನ್ನು ನಿಂತಿತು. ಅವಳು ನನ್ನನ್ನೇ ನೋಡುತ್ತಿದ್ದಳು, ಎಂಟನೇ ಕ್ಲಾಸಿನ ಅದೇ ಕಣ್ಣುಗಳಿಂದ. ನಾನು ಹುಡುಗಿ ಹೇಳಿದ್ದನ್ನು ಯೋಚಿಸಿದೆ. ಅವಳು ಹೇಳಿದ್ದು ಸರಿ. ನಾನು ಮನೆಯಲ್ಲಿ ನೋಡಿದ್ದು ನಿಂತ ಬೆಟ್ಟವನ್ನಲ್ಲ, ನಿಧಾನವಾಗಿ ಮುಳುಗುತ್ತಿದ್ದ ಬೆಟ್ಟವನ್ನು. ಪೇಷೆನ್ಸ್ ಬಗ್ಗೆ ಭಾಷಣ ಮಾಡಿದವಳಿಗೇ ಅದನ್ನು ಕಾದು ನೋಡುವಷ್ಟು ಪೇಷೆನ್ಸ್ ಇರಲಿಲ್ಲ.

"ಯೂ ಆರ್ ರೈಟ್" ಎಂದೆ. "ಅದು ನನಗೆ ಹೊಳೆದಿರಲಿಲ್ಲ. ಬಂದು ನೀನೇ ಮಾಡು."

ಕ್ಲಾಸಿನಲ್ಲಿ ನಿಂತು ಇಂಥ ಮಾತು ಆಡಿದ್ದು ಇದೇ ಮೊದಲು. ಹಲ್ಲು ಕೀಳಿಸಿಕೊಂಡ ಹಾಗಾಯಿತು: ಮೊದಲು ನೋವು, ಆಮೇಲೆ ಹಾಯೆನಿಸಿತು.

ರಂಜಿತಾ ಬೆಲ್ಲದಿಂದ ಕಲ್ಲು ಹೆಕ್ಕಿ, ಮ್ಯಾಟ್ ತೇಲಿಬಿಟ್ಟು, ಐದೇ ಕಲ್ಲು ಇಟ್ಟಳು. ಮ್ಯಾಟ್ ಬಗ್ಗಿ ನಿಂತಿತು. ಕಾದೆವು. ಮುಳುಗಲಿಲ್ಲ. ಅವಳು ಬುಡದ ತಗ್ಗಿಗೆ ರವೆ ಹಾಕಿದಳು, ತಗ್ಗು ಇನ್ನೊಂದಿಷ್ಟು ಇಳಿಯಿತು, ಮತ್ತೆ ಹಾಕಿದಳು. ಹುಡುಗಿಯರೆಲ್ಲ ಬೆಂಚು ಬಿಟ್ಟು ಸುತ್ತ ನೆರೆದರು. ಅವರ ನಡುವೆ ತಲೆ ತೂರಿಸಿ ನಿಂತಿದ್ದವಳು ಹೆಡ್‌ಮಿಸ್ಟ್ರೆಸ್. "ಓ... ಬೆಟ್ಟಾನೇ ತೋಡಿದ್ದಾ ಮಿಸ್!" ಎಂದಳು ಮೆಲ್ಲಗೆ. ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಬೆಲ್ ಹೊಡೆಯಿತು. ಸೆಲ್ವಿ ನೆಲ ಒರೆಸಲು ಬಂದವಳು ನಮ್ಮವರ ಕೈಯಲ್ಲಿದ್ದ ಡಬ್ಬ ಮೂಸಿ, "ಇದು ಒಳ್ಳೇ ಬೆಲ್ಲಾನಾ ಸಾರ್?" ಎಂದು ಕೇಳಿ, ಉತ್ತರ ಬರುವ ಮೊದಲೇ ಮುಚ್ಚಳ ತೆಗೆದಳು. ಹುಡುಗಿಯರು ಟಿಫಿನ್ ಬಾಕ್ಸು ತಂದರು. ದೋಸೆಗೆ, ಚಪಾತಿಗೆ, ಬರೀ ಅಂಗೈಗೆ, ಸೆಲ್ವಿ ಸೌಟಿನಿಂದ ಬಡಿಸುತ್ತ ಹೋದಳು. ಕಾಲು ಗಂಟೆಯಲ್ಲಿ ಡಬ್ಬದ ತಳ ಕಂಡಿತು. ವರ್ಷವಿಡೀ ದೋಸೆಗೆ ನಂಚಿಕೊಳ್ಳಬೇಕೆಂದಿದ್ದ ನಮ್ಮವರು ಆ ತಳವನ್ನೇ ನೋಡುತ್ತ ನಿಂತರು. ಕ್ಲೇಮ್ ಮಾಡಲು ಬಾರದ ನಷ್ಟ.

ಆಫೀಸ್ ರೂಮಿನಲ್ಲಿ ನಳಿನಿ ನೋಟ್‌ಬುಕ್ ಮುಚ್ಚಿಟ್ಟು, "ಶನಿವಾರದ ಕ್ಲಾಸ್ ನಿಮ್ದೇ ಮಿಸ್. ಕಡ್ಡಾಯ ಅಲ್ಲ, ಇಷ್ಟ ಇರೋರು ಬರ್ತಾರೆ" ಎಂದಳು. ಸೀರೆಯ ಸೆರಗು ಕುರ್ಚಿಗೆ ಅಂಟಿಕೊಂಡಿದ್ದರಿಂದ ನಾನು ಎದ್ದು ಅವಳನ್ನು ಅಪ್ಪಿಕೊಳ್ಳಲಾಗಲಿಲ್ಲ.

ಮೊದಲ ಶನಿವಾರ. ಇಷ್ಟ ಇರುವವರು ಹತ್ತು ಜನ ಬಂದರೆ ಹೆಚ್ಚು ಎಂದುಕೊಂಡು ಒಳಗೆ ಹೋದರೆ ರೂಮು ಕಿಕ್ಕಿರಿದಿದೆ! ಎಂಟನೇ ಕ್ಲಾಸಿನ ನಲವತ್ತೂ ಜನ, ಜೊತೆಗೆ ಒಂಬತ್ತನೆಯವರು ಹನ್ನೆರಡು ಮಂದಿ, ಕಿಟಕಿಯಲ್ಲಿ ಏಳನೆಯವರ ಮುಖಗಳು. ಜಿಯಾಗ್ರಫಿಗೆ ಇನ್ನೂ ಭವಿಷ್ಯವಿದೆ, ಒಳ್ಳೆಯ ಟೀಚರನ್ನು ಮಕ್ಕಳು ಗುರುತಿಸುತ್ತಾರೆ ಎಂದೆಲ್ಲ ಅನಿಸಿತು. ಕಣ್ಣೊರೆಸಿಕೊಂಡು ಬೋರ್ಡಿಗೆ ಇಂಡಿಯಾ ಮ್ಯಾಪ್ ನೇತುಹಾಕಿ ತಿರುಗಿದೆ.

"ಓಪನ್ ಯುವರ್ ನೋಟ್‌ಬುಕ್ಸ್, ಗರ್ಲ್ಸ್."

ಟಪ ಟಪನೆ ಐವತ್ತೆರಡು ಟಿಫಿನ್ ಬಾಕ್ಸುಗಳು ತೆರೆದವು. ದೋಸೆ, ಚಪಾತಿ, ಅಕ್ಕಿ ರೊಟ್ಟಿ. ಕೆಲವರು ಚಮಚವನ್ನೂ ತಂದಿದ್ದರು.

ರಂಜಿತಾ ಎದ್ದು ನಿಂತಳು. "ಮಿಸ್, ಇವತ್ತು ಯಾವ ಬೆಟ್ಟ? ಬೆಲ್ಲ ಎಲ್ಲಿ?"

"ಇವತ್ತು ಥಾರ್ ಮರುಭೂಮಿ," ಎಂದೆ. "ಬರೀ ಮರಳು."

ಹತ್ತು ನಿಮಿಷದಲ್ಲಿ ಒಬ್ಬೊಬ್ಬರಿಗೇ ಹೊಟ್ಟೆನೋವು, ತಲೆನೋವು, ಮನೆಗೆ ನೆಂಟರು. ಕೊನೆಗೆ ಎಣಿಸಿದೆ. ಒಂಬತ್ತು ಜನ ಉಳಿದಿದ್ದರು. ಅವರಲ್ಲಿ ಒಬ್ಬರು ನಮ್ಮವರು. ಅವರೋ ನಿದ್ದೆ ಮಾಡುತ್ತಿದ್ದರು.